ಸೊಂಟದ ಕೃತಕ ಕಪ್ ಸಡಿಲವಾದಾಗ: ಎರಡನೇ ಆಪರೇಷನ್‌ಗೆ ಒಪ್ಪುವ ಮೊದಲು

ನಮ್ಮ ದೊಡ್ಡಮ್ಮನಿಗೆ ಬಲಗಡೆಯ ಸೊಂಟದ ಕೀಲು ಬದಲಾಯಿಸಿದ್ದು 2006ರಲ್ಲಿ. ಹದಿನಾರು ವರ್ಷ ಏನೂ ತೊಂದರೆ ಇರಲಿಲ್ಲ. ಒಂದು ದಿನ ಮದುವೆಗೆ ಹೊರಟು ನಿಂತವರು, "ಎಷ್ಟು ಸರಿ ಮಾಡಿದರೂ ಸೀರೆ ಬಲಗಡೆ ನೆಲ ಗುಡಿಸುತ್ತೆ ಕಣೋ" ಎಂದರು. ನಾವು ನಕ್ಕುಬಿಟ್ಟೆವು. ಸೀರೆಯಲ್ಲಿ ತಪ್ಪಿರಲಿಲ್ಲ, ಕಾಲೇ ಗಿಡ್ಡವಾಗಿತ್ತು. ಎಕ್ಸ್-ರೇ ತೆಗೆಸಿದಾಗ ಒಳಗಿನ ಕಪ್ ಜಾಗ ಬಿಟ್ಟು ಮೇಲಕ್ಕೆ ಸರಿದದ್ದು ಕಂಡಿತು. ನೋವು ಅಂದರೆ ಮೆಟ್ಟಿಲು ಹತ್ತುವಾಗ ತೊಡೆಸಂದಿಯಲ್ಲಿ ಸ್ವಲ್ಪ, ಅಷ್ಟೇ.

ಮೂರು ಕಡೆ ತೋರಿಸಿದೆವು. ಒಬ್ಬರು ದೊಡ್ಡ ಕಪ್ ಹಾಕಿದರೆ ಸಾಕು ಎಂದರು. ಇನ್ನೊಬ್ಬರು ಮೂಳೆ ತುಂಬಿಸಿ ಸಿಮೆಂಟ್ ಕಪ್ ಕೂರಿಸೋಣ ಎಂದರು. ಮೂರನೆಯವರು ಪಂಜರದಂಥ ಕೇಜ್ ಬೇಕಾಗುತ್ತೆ ಎಂದರು. ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತಲೇ ನಮಗೆ ಅನ್ನಿಸಿತು. ಆಮೇಲೆ ಗೊತ್ತಾಯಿತು, ಮೂರೂ ನಿಜವಾದ ದಾರಿಗಳೇ. ಮೊದಲನೆಯವರು ನೋಡಿದ್ದು ಒಂದೇ ಎಕ್ಸ್-ರೇ. ಮೂರನೆಯವರ ಕೈಯಲ್ಲಿ ಸಿಟಿ ಸ್ಕ್ಯಾನ್ ಇತ್ತು. ಕಪ್‌ನ ಹಿಂದೆ ಎಷ್ಟು ಮೂಳೆ ಉಳಿದಿದೆ ಅನ್ನುವುದು ಇಬ್ಬರಿಗೂ ಬೇರೆ ಬೇರೆಯಾಗಿ ಕಂಡಿತ್ತು.

ನಾನು ಡಾಕ್ಟರ್ ಅಲ್ಲ. ಫೈಲು ಹಿಡಿದುಕೊಂಡು ಆರು ತಿಂಗಳು ಓಡಾಡಿದವನು, ಅಷ್ಟೇ. ಆ ಓಡಾಟದಲ್ಲಿ ಕಲಿತದ್ದನ್ನು, ಆಮೇಲೆ ಓದಿಕೊಂಡದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯವರ ಎಕ್ಸ್-ರೇ ನೋಡಿ ತೀರ್ಮಾನ ಹೇಳಬೇಕಾದವರು ಸರ್ಜನ್. ಅವರ ಮಾತು ಅರ್ಥವಾಗುವಷ್ಟು, ಸರಿಯಾದ ಪ್ರಶ್ನೆ ಕೇಳುವಷ್ಟು ತಯಾರಿ ನಮ್ಮದು.

ಮೊದಲು, ಒಳಗೆ ಏನಿದೆ?

ಒರಳುಕಲ್ಲು ನೆನಪಿಸಿಕೊಳ್ಳಿ. ಒರಳಿನ ಗುಳಿಯಲ್ಲಿ ಗುಂಡು ತಿರುಗುತ್ತದೆ. ಸೊಂಟದ ಕೀಲೂ ಹಾಗೇ. ಗುಳಿ ಇರುವುದು ಸೊಂಟದ ಮೂಳೆಯಲ್ಲಿ, ಗುಂಡು ತೊಡೆ ಮೂಳೆಯ ತುದಿಯಲ್ಲಿ. ಕೃತಕ ಕೀಲಿನಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ. ಗುಳಿಯೊಳಗೆ ತೆಂಗಿನ ಚಿಪ್ಪಿನಂಥ ಲೋಹದ ಬಟ್ಟಲು, ಇದೇ ಶೆಲ್ ಅಥವಾ ಕಪ್. ಅದರೊಳಗೆ ಪ್ಲಾಸ್ಟಿಕ್ಕಿನ ಅಥವಾ ಸೆರಾಮಿಕ್‌ನ ಲೈನರ್. ಲೈನರ್ ಒಳಗೆ ತಿರುಗುವ ಬಾಲ್. ಬಾಲ್ ಕೂತಿರುವುದು ತೊಡೆ ಮೂಳೆಯೊಳಗೆ ಇಳಿಸಿದ ಸ್ಟೆಮ್ ಮೇಲೆ. ನಮ್ಮ ಜನ ಇದನ್ನೇ ರಾಡ್ ಅನ್ನುತ್ತಾರೆ. ಹಳೇ ಮಾದರಿಯಲ್ಲಿ ಲೋಹದ ಶೆಲ್ ಇರುವುದಿಲ್ಲ, ಇಡೀ ಪ್ಲಾಸ್ಟಿಕ್ ಕಪ್ಪನ್ನೇ ಸಿಮೆಂಟ್ (ಮೂಳೆಯಲ್ಲಿ ಕೀಲು ಕೂರಿಸಲೆಂದೇ ಇರುವ ಗಾರೆ, ಮನೆ ಕಟ್ಟುವುದಲ್ಲ) ಹಾಕಿ ಕೂರಿಸಿರುತ್ತಾರೆ.

ಕಪ್ ಯಾಕೆ ಕೆಡುತ್ತದೆ? ಒರಳು ತಿರುವಿದರೆ ಹಿಟ್ಟು ಬೀಳುತ್ತದಲ್ಲ, ಇಲ್ಲಿ ಬೀಳುವುದು ಪ್ಲಾಸ್ಟಿಕ್ ಹಿಟ್ಟು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ದೇಹದ ಕಾವಲು ಜೀವಕೋಶಗಳು ಇವನ್ನು ನುಂಗುತ್ತವೆ, ಅರಗಿಸಿಕೊಳ್ಳಲು ಆಗುವುದಿಲ್ಲ. ಆ ಗಲಾಟೆಯಲ್ಲಿ ಪಕ್ಕದ ಮೂಳೆ ಕರಗುತ್ತದೆ. ಡಾಕ್ಟರು ಇದಕ್ಕೆ ಆಸ್ಟಿಯೋಲೈಸಿಸ್ ಅನ್ನುತ್ತಾರೆ. ಹಳೇ ಬಗೆಯ ಪ್ಲಾಸ್ಟಿಕ್ ವರ್ಷಕ್ಕೆ 0.1 ಮಿಲಿಮೀಟರಿಗಿಂತ ಜಾಸ್ತಿ ಸವೆದರೆ ಮೂಳೆ ಕರಗುವ ಸಾಧ್ಯತೆ ಏರುತ್ತದೆ. 1990ರ ದಶಕದ ಕೊನೆಯಲ್ಲಿ ಬಂದ ಕ್ರಾಸ್-ಲಿಂಕ್ಡ್ ಪ್ಲಾಸ್ಟಿಕ್ ಸವೆಯುವುದು ತೀರಾ ಕಡಿಮೆ. ಆದರೆ ಹಳೇ ಪ್ಲಾಸ್ಟಿಕ್ ಹಾಕಿಸಿಕೊಂಡವರು ಇನ್ನೂ ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ.

ಇದರಲ್ಲಿ ಕೆಟ್ಟ ವಿಷಯ ಏನೆಂದರೆ, ಮೂಳೆ ಕರಗುವಾಗ ನೋವಾಗುವುದಿಲ್ಲ. ಕಪ್ ಅಲುಗಾಡಲು ಶುರುವಾದ ಮೇಲೆಯೇ ನೋವು. ಮಣ್ಣಿನ ಗೋಡೆಗೆ ಹೊಡೆದ ಗೂಟ ಒಮ್ಮೆ ಸಡಿಲವಾದರೆ, ಪ್ರತಿ ಸಲ ಅಲುಗಾಡಿದಾಗಲೂ ತೂತು ದೊಡ್ಡದಾಗುತ್ತಾ ಹೋಗುತ್ತದೆ. ಕಪ್ಪಿನ ಕಥೆಯೂ ಅದೇ.

ಬೇರೆ ಕಾರಣಗಳೂ ಇವೆ. ಸೋಂಕು, ಮತ್ತೆ ಮತ್ತೆ ಬಾಲ್ ಕಪ್ಪಿನಿಂದ ಹೊರಗೆ ಜಾರುವುದು, ಬಿದ್ದು ಸೊಂಟದ ಮೂಳೆ ಮುರಿಯುವುದು, ಮೊದಲ ಸಲವೇ ಕಪ್ ತಪ್ಪು ಕೋನದಲ್ಲಿ ಕೂತಿರುವುದು. ಲೋಹದ ಕಪ್ಪಿಗೆ ಲೋಹದ ಬಾಲ್ ಉಜ್ಜುವ ಮಾದರಿ ಒಂದು ಕಾಲದಲ್ಲಿ ಜೋರಾಗಿತ್ತು. ಅದರಿಂದ ಕೋಬಾಲ್ಟ್, ಕ್ರೋಮಿಯಂ ಕಣಗಳು ಬಿಡುಗಡೆಯಾಗಿ ಸುತ್ತಲಿನ ಮಾಂಸ, ಮೂಳೆ ಎರಡೂ ಹಾಳಾದವು. ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಕೀಲನ್ನು 2010ರ ಆಗಸ್ಟ್‌ನಲ್ಲಿ ಪ್ರಪಂಚದ ಎಲ್ಲ ಕಡೆಯಿಂದ ವಾಪಸ್ ಪಡೆಯಲಾಯಿತು. ಅದನ್ನು ಹಾಕಿಸಿಕೊಂಡ ಭಾರತದ ರೋಗಿಗಳಿಗಾಗಿ 2018ರಲ್ಲಿ ಕೇಂದ್ರ ಸರ್ಕಾರ ಪರಿಹಾರದ ಸೂತ್ರವನ್ನೂ ಮಾಡಿತು. ನಿಮ್ಮ ಹಳೇ ಕಾಗದದಲ್ಲಿ ಆ ಹೆಸರು ಇದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ರಕ್ತದಲ್ಲಿ ಆ ಎರಡು ಲೋಹಗಳ ಪ್ರಮಾಣ ನೋಡುತ್ತಾರೆ.

ಹೆಜ್ಜೆ 1: ಹಳೇ ಕಾಗದ ಹುಡುಕಿ

ಮೊದಲ ಆಪರೇಷನ್ನಿನ ಫೈಲಿನಲ್ಲಿ ಒಂದು ಹಾಳೆಯ ಮೇಲೆ ಮೂರ್ನಾಲ್ಕು ಚಿಕ್ಕ ಸ್ಟಿಕ್ಕರ್ ಅಂಟಿಸಿರುತ್ತಾರೆ. ಕಂಪನಿ, ಮಾದರಿ, ಅಳತೆ, ಬ್ಯಾಚ್ ನಂಬರ್ ಎಲ್ಲಾ ಅದರಲ್ಲಿರುತ್ತದೆ. ಆ ಹಾಳೆಯ ಬೆಲೆ ನಮಗೆ ಗೊತ್ತಾಗುವುದು ಕಳೆದ ಮೇಲೆ.

ಅದು ಯಾಕೆ ಬೇಕು ಅಂದರೆ, ಒಂದು ಕಂಪನಿಯ ಶೆಲ್ಲಿಗೆ ಇನ್ನೊಂದು ಕಂಪನಿಯ ಲೈನರ್ ಕೂರುವುದಿಲ್ಲ. ಒಂದೇ ಕಂಪನಿಯ ಹಳೇ ಮಾದರಿಗೆ ಹೊಸ ಲೈನರ್ ಕೂರದೇ ಇರಬಹುದು. ಸ್ಟೆಮ್ ಗಟ್ಟಿಯಾಗಿದ್ದರೆ ಅದನ್ನು ಹಾಗೇ ಬಿಟ್ಟು ಬಾಲ್ ಮಾತ್ರ ಬದಲಾಯಿಸುತ್ತಾರೆ. ಆಗ ಸ್ಟೆಮ್ಮಿನ ಕುತ್ತಿಗೆಗೆ ಹೊಂದುವ ಬಾಲೇ ಬೇಕು. ಇದು ಗೊತ್ತಿಲ್ಲದೆ ಆಪರೇಷನ್ ಕೋಣೆಗೆ ಹೋದರೆ, ಚಿಕ್ಕದಾಗಿ ಮುಗಿಯಬೇಕಾದ ಕೆಲಸ ದೊಡ್ಡದಾಗಬಹುದು.

ನಮ್ಮ ವಿಷಯದಲ್ಲಿ ಮೊದಲ ಆಪರೇಷನ್ ಆದ ನರ್ಸಿಂಗ್ ಹೋಮ್ ಮುಚ್ಚಿಯೇ ಹೋಗಿತ್ತು. ದೊಡ್ಡಪ್ಪ ಎಲ್‌ಐಸಿ ಬಾಂಡುಗಳ ಜೊತೆ ಡಿಸ್ಚಾರ್ಜ್ ಕಾಗದವನ್ನೂ ಟ್ರಂಕಿನಲ್ಲಿ ಇಟ್ಟಿದ್ದರು, ಬಚಾವಾದೆವು. ನಿಮ್ಮ ಹತ್ತಿರ ಇಲ್ಲದಿದ್ದರೆ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಆಪರೇಷನ್ ನೋಟ್ಸ್ ಕೇಳಿ. ವಿಮೆ ಮಾಡಿಸಿದ್ದರೆ ಆಗಿನ ಬಿಲ್ಲಿನಲ್ಲೂ ಮಾದರಿಯ ಹೆಸರು ಸಿಗಬಹುದು.

ಹಳೇ ಎಕ್ಸ್-ರೇಗಳನ್ನೂ ಎಸೆಯಬೇಡಿ. ಆಪರೇಷನ್ ಆದ ತಕ್ಷಣ ತೆಗೆದದ್ದು, ಐದು ವರ್ಷದ ನಂತರದ್ದು, ಈಗಿನದು ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿದರೆ ಕಪ್ ಎಷ್ಟು ವೇಗದಲ್ಲಿ ಸರಿಯುತ್ತಿದೆ ಅನ್ನುವುದು ಡಾಕ್ಟರಿಗೆ ತಿಳಿಯುತ್ತದೆ.

ಹೆಜ್ಜೆ 2: ಸೋಂಕು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ಸಡಿಲವಾದ ಕಪ್ ಎಲ್ಲಾ ಸವೆತದಿಂದಲೇ ಆದದ್ದಲ್ಲ. ಒಳಗೊಳಗೇ ನಿಧಾನವಾಗಿ ಸೋಂಕು ಇದ್ದರೂ ಕಪ್ ಸಡಿಲವಾಗುತ್ತದೆ. ಜ್ವರ ಬರಲೇಬೇಕೆಂದಿಲ್ಲ, ಕೀವು ಸೋರಲೇಬೇಕೆಂದಿಲ್ಲ. ರಾತ್ರಿ ಮಲಗಿದಾಗಲೂ ಇರುವ ನೋವು, ಮೊದಲ ಆಪರೇಷನ್ ಆದಾಗಿನಿಂದಲೂ ಪೂರ್ತಿ ಹೋಗದ ನೋವು, ಆಗ ಗಾಯ ಒಣಗಲು ತಡವಾಗಿದ್ದ ನೆನಪು, ಇವೆಲ್ಲ ಅನುಮಾನಕ್ಕೆ ದಾರಿ.

ಮೊದಲು ಇಎಸ್‌ಆರ್, ಸಿಆರ್‌ಪಿ ಎಂಬ, ಮೈಯಲ್ಲಿ ಉರಿಯೂತ ಇದೆಯೇ ಅಂತ ತೋರಿಸುವ ರಕ್ತ ಪರೀಕ್ಷೆ. ಅನುಮಾನ ಬಂದರೆ ಕೀಲಿಗೆ ಸೂಜಿ ಹಾಕಿ ನೀರು ತೆಗೆದು ಕಲ್ಚರ್‌ಗೆ, ಅಂದರೆ ಸೂಕ್ಷ್ಮಾಣು ಬೆಳೆಯುತ್ತದೆಯೇ ಅಂತ ನೋಡಲು, ಕಳಿಸುತ್ತಾರೆ. ಕೆಲವು ಸೂಕ್ಷ್ಮಾಣುಗಳು ತೀರಾ ನಿಧಾನವಾಗಿ ಬೆಳೆಯುತ್ತವೆ, ಅದಕ್ಕೇ ಕಲ್ಚರ್ ಅನ್ನು 14 ದಿನದವರೆಗೆ ಇಟ್ಟು ನೋಡುವುದು. ಸೂಜಿ ಹಾಕುವ ಮುಂಚೆ ಕನಿಷ್ಠ ಎರಡು ವಾರ ಆಂಟಿಬಯೋಟಿಕ್ ತಗೊಂಡಿರಬಾರದು. ಮೆಡಿಕಲ್ ಶಾಪಿನಲ್ಲಿ ಕೇಳಿ ಸುಮ್ನೆ ಐದು ದಿನದ ಮಾತ್ರೆ ನುಂಗಿದರೆ ಸೋಂಕು ಹೋಗುವುದಿಲ್ಲ, ಪರೀಕ್ಷೆಯಲ್ಲಿ ಸಿಕ್ಕಿಬೀಳುವುದೂ ಇಲ್ಲ. ಹಾಗಂತ ಬೇರೆ ಡಾಕ್ಟರ್ ಕೊಟ್ಟ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಸರ್ಜನ್‌ಗೆ ಹೇಳಿ.

ಸೋಂಕು ಇದೆ ಅಂತಾದರೆ ಈ ಲೇಖನದ ಮುಂದಿನ ಲೆಕ್ಕವೆಲ್ಲ ಸ್ವಲ್ಪ ಕಾಯಬೇಕು. ಬಹಳ ಕಡೆ ಎರಡು ಹಂತದಲ್ಲಿ ಮಾಡುತ್ತಾರೆ. ಮೊದಲು ಎಲ್ಲವನ್ನೂ ತೆಗೆದು, ತೊಳೆದು, ಆಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲು ಇಡುತ್ತಾರೆ. ಕೆಲವು ವಾರ ಔಷಧಿ ಕೊಟ್ಟು, ಸೋಂಕು ಹೋಯಿತು ಅನ್ನಿಸಿದ ಮೇಲೆ ಹೊಸ ಕೀಲು. ಮಧ್ಯೆ ಸಾಮಾನ್ಯವಾಗಿ 6ರಿಂದ 12 ವಾರ. ಯಾವ ಸೂಕ್ಷ್ಮಾಣು ಅಂತ ಮೊದಲೇ ಗೊತ್ತಿದ್ದು, ಮೂಳೆ ಮಾಂಸ ಚೆನ್ನಾಗಿದ್ದರೆ ಒಂದೇ ಸಲಕ್ಕೆ ತೆಗೆದು ಹಾಕುವ ಪದ್ಧತಿಯೂ ಇದೆ. ಜರ್ಮನಿಯ ಹ್ಯಾಂಬರ್ಗ್‌ನ ಸರ್ಜನ್‌ಗಳು ಅದಕ್ಕೆ ಹೆಸರಾದವರು.

ಹೆಜ್ಜೆ 3: ಮೂಳೆಯ ಲೆಕ್ಕ

ಇಡೀ ತೀರ್ಮಾನ ನಿಂತಿರುವುದು ಇಲ್ಲಿ. ಎದುರಿನಿಂದ ತೆಗೆದ ಒಂದು ಎಕ್ಸ್-ರೇ ಸಾಲದು. ಓರೆಯಾಗಿ ಮಲಗಿಸಿ ತೆಗೆಯುವ ಎರಡು ಎಕ್ಸ್-ರೇ ಇವೆ, ಜುಡೆ ವ್ಯೂ ಅನ್ನುತ್ತಾರೆ. ಗುಳಿಯನ್ನು ಹೊತ್ತು ನಿಂತ ಮೂಳೆಯ ಮುಂದಿನ ಕಂಬ, ಹಿಂದಿನ ಕಂಬ ಅದರಲ್ಲಿ ಕಾಣುತ್ತವೆ. ಮೂಳೆ ಜಾಸ್ತಿ ಹೋಗಿರುವ ಅನುಮಾನವಿದ್ದರೆ ಸಿಟಿ ಸ್ಕ್ಯಾನ್. ಲೋಹದ ಹೊಳಪು ಚಿತ್ರವನ್ನು ಕೆಡಿಸುತ್ತದೆ, ಹಾಗಾಗಿ ಅದನ್ನು ತಗ್ಗಿಸುವ ಸಾಫ್ಟ್‌ವೇರ್ ಇರುವ ಸ್ಕ್ಯಾನ್ ಸೆಂಟರ್ ಯಾವುದು ಅಂತ ಡಾಕ್ಟರನ್ನೇ ಕೇಳಿ. ಕಪ್ ಒಳಗಿನ ಗೋಡೆ ದಾಟಿ ಹೊಟ್ಟೆಯ ಕಡೆ ನುಗ್ಗಿದ್ದರೆ ರಕ್ತನಾಳಗಳ ಸ್ಕ್ಯಾನ್ ಕೂಡ ಬೇಕಾಗುತ್ತದೆ. ದೊಡ್ಡ ರಕ್ತನಾಳಗಳು ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತವೆ.

ರಿಪೋರ್ಟಿನಲ್ಲೋ ಡಾಕ್ಟರ ಚೀಟಿಯಲ್ಲೋ ಪಾಪ್ರೋಸ್ಕಿ ಅಂತ ಒಂದು ಹೆಸರು, ಪಕ್ಕದಲ್ಲಿ ಒಂದು ನಂಬರ್ ಕಾಣಬಹುದು. ಅಮೆರಿಕದ ಸರ್ಜನ್ ವೇಯ್ನ್ ಪಾಪ್ರೋಸ್ಕಿ ಮತ್ತು ಜೊತೆಯವರು 1994ರಲ್ಲಿ ಪ್ರಕಟಿಸಿದ ವರ್ಗೀಕರಣ ಅದು. ಕಪ್ ಎಷ್ಟು ಮೇಲೆ ಹೋಗಿದೆ, ಗುಳಿಯ ಒಳಗೋಡೆ ಇದೆಯೇ, ಕೆಳಗಿನ ಮೂಳೆ ಎಷ್ಟು ಕರಗಿದೆ ಅನ್ನುವುದನ್ನು ಎಕ್ಸ್-ರೇಯಲ್ಲೇ ನೋಡಿ ಹೇಳುವ ಲೆಕ್ಕ.

ಒಂದು ಅಂದರೆ ಒರಳಿನ ಅಂಚು ಸುತ್ತಲೂ ಗಟ್ಟಿಯಾಗಿದೆ. ಎರಡು ಅಂದರೆ ಅಂಚು ಅಲ್ಲಲ್ಲಿ ಕಳಚಿದೆ, ಆದರೂ ಹೊಸ ಕಪ್ಪನ್ನು ಹಿಡಿದುಕೊಳ್ಳುವಷ್ಟು ಇದೆ. ಕಪ್ ಮೇಲೆ ಸರಿದಿದ್ದರೂ 3 ಸೆಂಟಿಮೀಟರ್ ದಾಟಿಲ್ಲ. ಇದರಲ್ಲೇ ಎ, ಬಿ, ಸಿ ಅಂತ ಮೂರು ಬಗೆ. ಮೂರು ಅಂದರೆ 3 ಸೆಂಟಿಮೀಟರಿಗಿಂತ ಜಾಸ್ತಿ ಸರಿದಿದೆ, ಅಂಚಿನ ಆಸರೆ ಸಾಲದು. ಮೇಲಕ್ಕೆ ಮತ್ತು ಹೊರಗೆ ಸರಿದಿದ್ದರೆ ಮೂರು-ಎ. ಮೇಲಕ್ಕೆ ಮತ್ತು ಒಳಗೆ ಸರಿದಿದ್ದರೆ ಮೂರು-ಬಿ, ಅದೇ ಎಲ್ಲಕ್ಕಿಂತ ಕಷ್ಟದ್ದು. ಅಲ್ಲಿ ಇನ್ನೊಂದು ಭಯವೂ ಇದೆ. ಸೊಂಟದ ಮೂಳೆಯ ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆಯಾಗಿಬಿಟ್ಟಿರಬಹುದು. ಪೆಲ್ವಿಕ್ ಡಿಸ್ಕಂಟಿನ್ಯುಯಿಟಿ ಅಂತ ಬರೆದಿದ್ದರೆ ಇದೇ ಅರ್ಥ.

ದೊಡ್ಡಮ್ಮನದು ಮೂರು-ಎ. ಮೊದಲ ಎಕ್ಸ್-ರೇಯಲ್ಲಿ ಎರಡರ ಹಾಗೆ ಕಂಡಿತ್ತು. ಒಂದು ಮಾತು ಮಾತ್ರ ಮರೆಯಬೇಡಿ. ಎಷ್ಟೇ ಸ್ಕ್ಯಾನ್ ಮಾಡಿದರೂ, ಹಳೇ ಕಪ್ ತೆಗೆದು ಒಳಗಿನ ಪೊರೆ ಕೆರೆದ ಮೇಲೆಯೇ ನಿಜವಾದ ಮೂಳೆ ಕಾಣುವುದು. ಅಂದುಕೊಂಡದ್ದಕ್ಕಿಂತ ಜಾಸ್ತಿ ಹೋಗಿರುವುದೇ ಹೆಚ್ಚು. ಅನುಭವ ಇರುವ ಸರ್ಜನ್ ಒಂದು ಪ್ಲಾನ್ ಇಟ್ಟುಕೊಂಡು, ಇನ್ನೆರಡಕ್ಕೂ ಸಾಮಾನು ತರಿಸಿಟ್ಟುಕೊಂಡಿರುತ್ತಾರೆ.

ಹೆಜ್ಜೆ 4: ದಾರಿಗಳು, ಚಿಕ್ಕದರಿಂದ ದೊಡ್ಡದಕ್ಕೆ

ಲೈನರ್ ಮಾತ್ರ ಬದಲಾಯಿಸುವುದು. ಶೆಲ್ ಮೂಳೆಗೆ ಗಟ್ಟಿಯಾಗಿ ಅಂಟಿಕೊಂಡಿದೆ, ಸರಿಯಾದ ಕೋನದಲ್ಲೂ ಇದೆ, ಪ್ಲಾಸ್ಟಿಕ್ ಮಾತ್ರ ಸವೆದಿದೆ ಅಂತಾದರೆ ಇದು. ಹೊಸ ಲೈನರ್, ಹೊಸ ಬಾಲ್. ಶೆಲ್ಲಿನ ತೂತುಗಳ ಮೂಲಕ ಹಿಂದೆ ಕರಗಿದ ಜಾಗಕ್ಕೆ ಮೂಳೆ ಪುಡಿ ತುಂಬುವುದೂ ಉಂಟು. ಹೊಂದುವ ಲೈನರ್ ಸಿಗದಿದ್ದರೆ ಅಥವಾ ಅದನ್ನು ಹಿಡಿಯುವ ಅಂಚು ಮುರಿದಿದ್ದರೆ, ಹೊಸ ಲೈನರನ್ನು ಹಳೇ ಶೆಲ್ಲಿನೊಳಗೆ ಸಿಮೆಂಟ್ ಹಾಕಿ ಕೂರಿಸುತ್ತಾರೆ. ಕೇಳಲು ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಇದಾದ ಮೇಲೆ ಬಾಲ್ ಜಾರುವ ಅಪಾಯ ಕಡಿಮೆಯೇನಲ್ಲ. "ಚಿಕ್ಕ ಆಪರೇಷನ್" ಅಂತ ಹಗುರವಾಗಿ ತಗೊಳ್ಳಬೇಡಿ.

ಒರಟು ಮೈಯ ಹೊಸ ಕಪ್, ಸ್ಕ್ರೂ ಜೊತೆ. ಬಹುಪಾಲು ರಿವಿಷನ್‌ಗಳಲ್ಲಿ, ಅಂದರೆ ಹಳೇ ಕೀಲನ್ನು ಮತ್ತೆ ಬದಲಾಯಿಸುವ ಆಪರೇಷನ್‌ಗಳಲ್ಲಿ, ಮಾಡುವುದು ಇದನ್ನೇ. ಕಪ್ಪಿನ ಹೊರಮೈ ಸಣ್ಣ ಸಣ್ಣ ರಂಧ್ರಗಳ ಲೋಹ. ಮೂಳೆ ಅದರೊಳಗೆ ಬೆಳೆದು ಹಿಡಿದುಕೊಳ್ಳುತ್ತದೆ. ಹಿಡಿಯುವವರೆಗೆ ಅಲುಗಾಡದಂತೆ ಸ್ಕ್ರೂ. ಇದು ನಡೆಯಬೇಕಾದರೆ ಕಪ್ಪಿನ ಮೈಯ ಅರ್ಧದಷ್ಟಾದರೂ ಜೀವಂತ ಮೂಳೆಗೆ ತಾಗಬೇಕು ಅನ್ನುವುದು ಹಳೇ ಲೆಕ್ಕ. ಟ್ಯಾಂಟಲಂನಂಥ ಹೆಚ್ಚು ರಂಧ್ರದ ಲೋಹ ಬಂದ ಮೇಲೆ ಅದಕ್ಕಿಂತ ಕಡಿಮೆ ಇದ್ದರೂ ಧೈರ್ಯ ಮಾಡುತ್ತಾರೆ. ಸ್ಕ್ರೂಗಳನ್ನು ಎಲ್ಲೆಂದರಲ್ಲಿ ಹಾಕುವ ಹಾಗಿಲ್ಲ. ಗುಳಿಯ ಹಿಂದೆ-ಮೇಲಿನ ಭಾಗ ಸುರಕ್ಷಿತ, ಮುಂಭಾಗದ ಆಚೆ ದೊಡ್ಡ ರಕ್ತನಾಳಗಳಿವೆ.

ಗುಳಿ ಅಗಲವಾಗಿದ್ದರೆ ಜಂಬೋ ಕಪ್. ಹೆಂಗಸರಿಗೆ 62 ಮಿಲಿಮೀಟರ್ ಅಥವಾ ಮೇಲೆ, ಗಂಡಸರಿಗೆ 66 ಅಥವಾ ಮೇಲೆ ಇದ್ದರೆ ಆ ಹೆಸರು. ದೊಡ್ಡ ಕಪ್ ಜಾಸ್ತಿ ಮೂಳೆಗೆ ತಾಗುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ಅದನ್ನು ಕೂರಿಸಲು ಮುಂದಿನ, ಹಿಂದಿನ ಗೋಡೆಯನ್ನು ಇನ್ನಷ್ಟು ಕೆರೆಯಬೇಕಾಗುತ್ತದೆ, ಗೋಡೆ ತೆಳುವಾಗಿದ್ದರೆ ಅದು ಸಮಸ್ಯೆ. ಇನ್ನು ಕೆಲವರು ಗುಳಿ ಮೇಲಕ್ಕೆ ಸರಿದಲ್ಲೇ ಚಿಕ್ಕ ಕಪ್ ಕೂರಿಸಿಬಿಡುತ್ತಾರೆ. ಮೂಳೆ ಸಿಗುತ್ತದೆ ನಿಜ. ಕಾಲು ಮಾತ್ರ ಗಿಡ್ಡವಾಗಿಯೇ ಉಳಿಯಬಹುದು, ಕುಂಟು ಹೋಗದೇ ಇರಬಹುದು.

ಮೂಳೆ ತುಂಬಿಸಿ ಸಿಮೆಂಟ್ ಕಪ್. ನೆದರ್ಲೆಂಡ್ಸ್‌ನ ನೈಮೇಹೆನ್ ಊರಿನ ಸರ್ಜನ್‌ಗಳು 1970ರ ದಶಕದ ಕೊನೆಯಿಂದ ಬೆಳೆಸಿದ ಪದ್ಧತಿ ಇದು. ಬೇರೆಯವರಿಂದ ದಾನ ಬಂದ ಮೂಳೆಯನ್ನು ಒಂದು ಸೆಂಟಿಮೀಟರಿನ ಹತ್ತಿರ ಹತ್ತಿರ ಇರುವ ತುಂಡುಗಳಾಗಿ ಮಾಡಿ, ಗುಳಿಯಲ್ಲಿ ಪದರ ಪದರವಾಗಿ ಬಡಿದು ಗಟ್ಟಿ ಮಾಡುತ್ತಾರೆ. ಮನೆ ಪಾಯಕ್ಕೆ ಜಲ್ಲಿ ಹಾಕಿ ದಮ್ಮಸು ಮಾಡಿದ ಹಾಗೆ. ಅಂಚು ಇಲ್ಲದ ಕಡೆ ಲೋಹದ ಜಾಲರಿ. ಅದರ ಮೇಲೆ ಸಿಮೆಂಟ್, ಪ್ಲಾಸ್ಟಿಕ್ ಕಪ್. ಚೆನ್ನಾಗಿ ಮಾಡಿದರೆ ಕಾಲಕ್ರಮೇಣ ಆ ತುಂಡುಗಳು ನಿಮ್ಮದೇ ಮೂಳೆಯಾಗುತ್ತವೆ. ಬೇರೆ ಯಾವ ದಾರಿಯೂ ಇಷ್ಟು ಮೂಳೆಯನ್ನು ವಾಪಸ್ ಕೊಡುವುದಿಲ್ಲ. ಐವತ್ತರೊಳಗಿನವರಿಗೆ, ಮುಂದೆ ಇನ್ನೊಂದು ಆಪರೇಷನ್ ಬರಬಹುದಾದವರಿಗೆ ಇದು ದೊಡ್ಡ ಮಾತು. ಆದರೆ ಕೈಚಳಕ ಬೇಕು, ಮೂಳೆ ಬ್ಯಾಂಕ್ ಬೇಕು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1988ರಿಂದಲೂ ದಾನದ ಮೂಳೆ ಕಾಪಿಡುವ ಟಿಶ್ಯೂ ಬ್ಯಾಂಕ್ ಇದೆ. ನಿಮ್ಮ ಆಸ್ಪತ್ರೆಗೆ ಮೂಳೆ ಎಲ್ಲಿಂದ ಬರುತ್ತದೆ, ಪರೀಕ್ಷೆ ಆಗಿದೆಯೇ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಆಗ್ಮೆಂಟ್ ಜೊತೆ ಕಪ್. ದೊಡ್ಡಮ್ಮನಿಗೆ ಕೊನೆಗೆ ಆದದ್ದು ಇದೇ. ಗುಳಿಯ ಮೇಲ್ಭಾಗದಲ್ಲಿ ಮೂಳೆ ಹೋಗಿ ಆಳದ ಸಂದು ಬಿದ್ದಿರುತ್ತದೆ. ಅಲ್ಲಿಗೆ ರಂಧ್ರಮಯ ಲೋಹದ ಒಂದು ತುಂಡನ್ನು, ಕಿತ್ತಳೆ ತೊಳೆಯ ಆಕಾರದ್ದನ್ನು, ಸ್ಕ್ರೂ ಹಾಕಿ ಕೂರಿಸುತ್ತಾರೆ. ಬಾಗಿಲ ಚೌಕಟ್ಟಿನ ಸಂದಿಗೆ ಬಡಗಿ ಬೆಣೆ ಹೊಡೆಯುತ್ತಾನಲ್ಲ, ಹಾಗೆ. ಆಮೇಲೆ ಕಪ್ಪನ್ನು ಅದರ ಜಾಗದಲ್ಲೇ ಇಟ್ಟು, ಕಪ್ಪಿಗೂ ಬೆಣೆಗೂ ನಡುವೆ ಸ್ವಲ್ಪ ಸಿಮೆಂಟ್ ಹಾಕಿ ಒಂದೇ ಮಾಡುತ್ತಾರೆ. ಮೊದಲೆಲ್ಲ ಈ ಜಾಗಕ್ಕೆ ದಾನದ ಮೂಳೆಯ ದೊಡ್ಡ ತುಂಡನ್ನೇ ಇಡುತ್ತಿದ್ದರು. ಅದು ವರ್ಷಗಳ ಮೇಲೆ ಕರಗಿ ಕುಸಿಯುವುದುಂಟು. ಲೋಹ ಕರಗುವುದಿಲ್ಲ. ಆದರೆ ಮೂಳೆಯನ್ನು ವಾಪಸ್ ಕೊಡುವುದೂ ಇಲ್ಲ.

ಕೇಜ್. ಬುರ್ಚ್-ಶ್ನೈಡರ್ ಅನ್ನುವ ಸ್ವಿಟ್ಜರ್ಲೆಂಡಿನ ಮಾದರಿ ಹಳೆಯದು. ಲೋಹದ ಬಟ್ಟಲಿಗೆ ಮೇಲೊಂದು ಕಿವಿ, ಕೆಳಗೊಂದು ಕಿವಿ. ಮೇಲಿನದು ಸೊಂಟದ ಮೇಲ್ಭಾಗದ ಇಲಿಯಂ ಮೂಳೆಗೆ, ಕೆಳಗಿನದು ಕೂತಾಗ ಭಾರ ಹೊರುವ ಇಸ್ಕಿಯಂ ಮೂಳೆಗೆ. ಹೋದ ಭಾಗಕ್ಕೆ ಸೇತುವೆ ಕಟ್ಟಿದ ಹಾಗೆ. ಒಳಗೆ ಸಿಮೆಂಟಿನಲ್ಲಿ ಪ್ಲಾಸ್ಟಿಕ್ ಕಪ್. ತೊಂದರೆ ಏನೆಂದರೆ ಹಳೇ ಕೇಜಿನೊಳಗೆ ಮೂಳೆ ಬೆಳೆಯುವುದಿಲ್ಲ. ಹಿಂದೆ ಮೂಳೆ ಕೂಡಿಕೊಳ್ಳದಿದ್ದರೆ, ನಡೆದೂ ನಡೆದೂ ಲೋಹ ದಣಿದು ಮುರಿಯುತ್ತದೆ. ವಯಸ್ಸು ಹೆಚ್ಚಾದ, ಓಡಾಟ ಕಡಿಮೆ ಇರುವವರಿಗೆ ಈಗಲೂ ಉಪಯೋಗಿಸುತ್ತಾರೆ.

ಕಪ್-ಕೇಜ್ ಇದರ ಸುಧಾರಿತ ರೂಪ. ರಂಧ್ರಮಯ ಕಪ್ಪನ್ನು ಮೂಳೆಗೆ ಕೂರಿಸಿ, ಅದರ ಮೇಲೆ ಕೇಜನ್ನು ಅಡ್ಡ ಹಾಕುತ್ತಾರೆ. ಮೂಳೆ ಕಪ್ಪಿನೊಳಗೆ ಬೆಳೆಯುವವರೆಗೆ ಭಾರವನ್ನು ಕೇಜ್ ಹೊರುತ್ತದೆ, ಆಮೇಲೆ ಕಪ್ಪೇ ಹೊರುತ್ತದೆ. ಸೊಂಟದ ಮೂಳೆ ಎರಡು ಭಾಗವಾದವರಿಗೆ ಇದು ಒಂದು ಮುಖ್ಯ ದಾರಿ. ಹಿಂದಿನ ಕಂಬಕ್ಕೆ ಪ್ಲೇಟ್ ಹಾಕುವುದು ಇನ್ನೊಂದು. ಎರಡು ಭಾಗಗಳನ್ನು ಸ್ವಲ್ಪ ಅಗಲಿಸಿ ನಡುವೆ ಕಪ್ಪನ್ನು ಬಿಗಿಯಾಗಿ ಸಿಕ್ಕಿಸುವುದು ಮತ್ತೊಂದು.

ಅಳತೆ ಕೊಟ್ಟು ಮಾಡಿಸುವ ಟ್ರೈಫ್ಲಾಂಜ್. ಸಿಟಿ ಸ್ಕ್ಯಾನ್ ಕೊಟ್ಟರೆ ನಿಮ್ಮ ಮೂಳೆಯ ಪ್ಲಾಸ್ಟಿಕ್ ಮಾದರಿ ಮಾಡಿ, ಅದಕ್ಕೆ ಹೊಂದುವ ಮೂರು ಕಿವಿಯ ಕಪ್ಪನ್ನು ತಯಾರಿಸುತ್ತಾರೆ. ಈಗ ಅದನ್ನು 3ಡಿ ಪ್ರಿಂಟ್ ಮಾಡುವುದೂ ಇದೆ. ಮೂರು ಕಿವಿಗಳು ಇಲಿಯಂ, ಇಸ್ಕಿಯಂ, ಮುಂಭಾಗದ ಪ್ಯೂಬಿಸ್ ಮೂರಕ್ಕೂ ಸ್ಕ್ರೂ ಆಗುತ್ತವೆ. ಮೂರು-ಬಿ ಆದವರಿಗೆ, ಬೇರೆ ಎಲ್ಲಾ ಸೋತವರಿಗೆ ಇದು. ದುಡ್ಡು ಜಾಸ್ತಿ, ತಯಾರಾಗಲು ವಾರಗಟ್ಟಲೆ ಕಾಯಬೇಕು. ಕಾಯುವಾಗ ಮೂಳೆ ಇನ್ನಷ್ಟು ಹೋದರೆ ಮಾಡಿಸಿದ ಅಳತೆ ಹೊಂದದೇ ಹೋಗಬಹುದು.

ಕೊನೆಯದು, ಏನನ್ನೂ ಹಾಕದೆ ಬಿಡುವುದು. ಆಕ್ಸ್‌ಫರ್ಡ್‌ನ ಸರ್ಜನ್ ಗರ್ಡಲ್‌ಸ್ಟೋನ್ ಹೆಸರಿನಲ್ಲಿ ಕರೆಯುತ್ತಾರೆ. ಎಲ್ಲ ತೆಗೆದು ಹಾಗೇ ಮುಚ್ಚುವುದು. ಕಾಲು ಗಿಡ್ಡವಾಗುತ್ತದೆ, ಊರುಗೋಲು ಬೇಕೇ ಬೇಕು. ಆದರೂ ಬಿಡದ ಸೋಂಕು, ತಡೆಯದ ಹೃದಯ ಇರುವವರಿಗೆ ಇದೇ ನೆಮ್ಮದಿ ಕೊಟ್ಟದ್ದುಂಟು. ಇನ್ನು ಆಪರೇಷನ್ನೇ ಬೇಡ ಅನ್ನುವುದೂ ಒಂದು ಆಯ್ಕೆಯೇ. ಆದರೆ ಕಪ್ ಸರಿಯುತ್ತಲೇ ಇದ್ದರೆ ಮುಂದೂಡಿದಷ್ಟೂ ಮೂಳೆ ಕಡಿಮೆಯಾಗುತ್ತದೆ, ಇವತ್ತು ಆಗ್ಮೆಂಟಿನಲ್ಲಿ ಮುಗಿಯುವುದು ನಾಳೆ ಟ್ರೈಫ್ಲಾಂಜ್ ಕೇಳುತ್ತದೆ.

ಹೆಜ್ಜೆ 5: ಜಾರುವ ಬಾಲಿನ ವಿಚಾರ

ರಿವಿಷನ್ ಆದ ಮೇಲೆ ಬಾಲ್ ಜಾರುವ ಸಾಧ್ಯತೆ ಮೊದಲ ಆಪರೇಷನ್ನಿಗಿಂತ ಜಾಸ್ತಿ. ಸ್ನಾಯುಗಳನ್ನು ಎರಡನೇ ಸಲ ಬಿಡಿಸಿರುತ್ತಾರೆ, ಅವು ಮೊದಲಿನ ಬಿಗಿಯಲ್ಲಿ ಇರುವುದಿಲ್ಲ. ಅದಕ್ಕೇ ಯಾವ ಕಪ್ ಎಂದು ಕೇಳಿದ ಮೇಲೆ, ಅದರೊಳಗೆ ಏನು ಹಾಕುತ್ತೀರಿ ಅಂತಲೂ ಕೇಳಬೇಕು. ದೊಡ್ಡ ಬಾಲ್ ಹಾಕಿದರೆ ಜಾರುವುದು ಕಡಿಮೆ. ಡ್ಯುಯಲ್ ಮೊಬಿಲಿಟಿ ಅಂದರೆ ಬಾಲಿನ ಮೇಲೆ ಇನ್ನೊಂದು ದೊಡ್ಡ ಪ್ಲಾಸ್ಟಿಕ್ ಬಾಲ್, ಎರಡೂ ತಿರುಗುತ್ತವೆ. 1970ರ ದಶಕದಲ್ಲಿ ಫ್ರಾನ್ಸಿನ ಗಿಲ್ ಬುಸ್ಕೆ ಎಂಬ ಸರ್ಜನ್ ತಂದದ್ದು. ಬಾಲನ್ನು ಬಿಗಿಯಾಗಿ ಕಚ್ಚಿಕೊಳ್ಳುವ ಕನ್‌ಸ್ಟ್ರೈನ್ಡ್ ಲೈನರ್ ಕೂಡ ಇದೆ. ಅದು ಬಾಲನ್ನು ಬಿಡುವುದಿಲ್ಲ, ಆ ಎಳೆತ ಕಪ್ಪಿನ ಮೇಲೆ ಬೀಳುತ್ತದೆ. ಈಗ ತಾನೇ ಕೂರಿಸಿದ ಕಪ್ಪಿಗೆ ಅದು ಒಳ್ಳೆಯದಲ್ಲ.

ಹಳೆಯದು ಸೆರಾಮಿಕ್ ಆಗಿದ್ದು ಒಳಗೆ ಒಡೆದಿದ್ದರೆ, ಹೊಸದಕ್ಕೆ ಲೋಹದ ಬಾಲ್ ಬೇಡ. ಎಷ್ಟೇ ತೊಳೆದರೂ ಸೆರಾಮಿಕ್ ಚೂರು ಉಳಿದಿರುತ್ತದೆ, ಲೋಹವನ್ನು ಉಪ್ಪುಕಾಗದದ ಹಾಗೆ ಉಜ್ಜಿಬಿಡುತ್ತದೆ. ಮತ್ತೆ ಸೆರಾಮಿಕ್ ಬಾಲೇ ಹಾಕಬೇಕು.

ಹೆಜ್ಜೆ 6: ಸರ್ಜನ್ ಮುಂದೆ ಕೂತಾಗ

ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ನಾವು ಕೇಳಿದ್ದು ಇವು:

- ಮೂಳೆ ಎಷ್ಟು ಹೋಗಿದೆ, ಎಕ್ಸ್-ರೇಯಲ್ಲಿ ತೋರಿಸಿ ಹೇಳುತ್ತೀರಾ? ಹಿಂದಿನ ಕಂಬ ಗಟ್ಟಿ ಇದೆಯಾ?
- ಮೊದಲ ಪ್ಲಾನ್ ಏನು? ಒಳಗೆ ನೋಡಿದಾಗ ಮೂಳೆ ಕಡಿಮೆ ಇದ್ದರೆ ಮುಂದಿನ ಪ್ಲಾನ್ ಏನು? ಅದಕ್ಕೆ ಬೇಕಾದ ಸಾಮಾನು ಆ ದಿನ ಕೈಗೆ ಸಿಗುತ್ತಾ?
- ಸ್ಟೆಮ್ ಬಿಡುತ್ತೀರಾ, ತೆಗೆಯುತ್ತೀರಾ?
- ಈ ಥರದ ರಿವಿಷನ್ ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ?
- ಕಾಲಿನ ಉದ್ದ ಎಷ್ಟು ಸರಿಯಾಗುತ್ತದೆ?
- ಎಷ್ಟು ವಾರ ಕಾಲೂರಬಾರದು?

ನಾಲ್ಕನೇ ಪ್ರಶ್ನೆ ಕೇಳಲು ನಾಲಿಗೆ ಬರುವುದಿಲ್ಲ, ಗೊತ್ತು. ಆದರೂ ಕೇಳಿ. ಮೊದಲ ಸಲದ ಕೀಲು ಬದಲಿಯಲ್ಲಿ ಪಳಗಿದವರೆಲ್ಲ ರಿವಿಷನ್ನಿನಲ್ಲಿ ಪಳಗಿರುವುದಿಲ್ಲ. ಒಳ್ಳೆಯ ಸರ್ಜನ್ ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ನಮಗೆ ಒಬ್ಬರು, "ಇದು ನನ್ನಿಂದ ಆಗುವ ಕೇಸ್ ಅಲ್ಲ" ಎಂದು ಬೇರೆಯವರ ಹತ್ತಿರ ಕಳಿಸಿದರು. ಅವರ ಮೇಲೆ ಗೌರವ ಇನ್ನೂ ಹೆಚ್ಚಾಯಿತು.

ಅಪಾಯಗಳನ್ನೂ ಬಾಯಿಬಿಟ್ಟು ಕೇಳಿ. ಸೋಂಕು, ಜಾರುವುದು, ರಕ್ತ ಹೆಪ್ಪುಗಟ್ಟುವುದು, ಪಾದ ಎತ್ತಲಾಗದಂತೆ ನರಕ್ಕೆ ಪೆಟ್ಟಾಗುವುದು, ಎಲ್ಲವೂ ಮೊದಲ ಆಪರೇಷನ್ನಿಗಿಂತ ಇಲ್ಲಿ ಹೆಚ್ಚು.

ಹೆಜ್ಜೆ 7: ದುಡ್ಡು

ಮಂಡಿಯ ಕೃತಕ ಕೀಲಿಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಗರಿಷ್ಠ ಬೆಲೆ ಕಟ್ಟಿತು. ಆ ಆದೇಶ ಮಂಡಿಗೆ ಮಾತ್ರ, ಸೊಂಟಕ್ಕಲ್ಲ. ಆದ್ದರಿಂದ ಅಂದಾಜು ಪಟ್ಟಿ ಕೇಳುವಾಗ ಕಪ್, ಆಗ್ಮೆಂಟ್, ಸ್ಕ್ರೂ, ಲೈನರ್, ಬಾಲ್ ಪ್ರತಿಯೊಂದಕ್ಕೂ ಬೇರೆ ಬೇರೆ ಬೆಲೆ ಬರೆಸಿಕೊಳ್ಳಿ. ಎರಡನೇ ಪ್ಲಾನ್ ಬಿದ್ದರೆ ಎಷ್ಟು ಏರುತ್ತದೆ ಅಂತಲೂ ಕೇಳಿ. ನಮ್ಮದರಲ್ಲಿ ಸ್ಕ್ರೂಗಳ ಬಿಲ್ಲೇ ಎದೆ ಝಲ್ ಅನ್ನಿಸಿತು. ಅವು ಎಂಟು ಇದ್ದವು.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ತುರ್ತಲ್ಲದ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ಆಸ್ಪತ್ರೆಯಲ್ಲಿ ಕೂತಿರುವ ಆರೋಗ್ಯ ಮಿತ್ರರನ್ನು ಭೇಟಿ ಮಾಡಿ, ರಿವಿಷನ್ ಪ್ಯಾಕೇಜಿನಲ್ಲಿ ಯಾವ ಮಾದರಿ ಕಪ್ ಬರುತ್ತದೆ, ಆಗ್ಮೆಂಟ್ ಸೇರಿದೆಯಾ ಅಂತ ಅಡ್ಮಿಟ್ ಆಗುವ ಮುಂಚೆಯೇ ಕೇಳಿ. ಬೆಂಗಳೂರಿನಲ್ಲಿ ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸಂಸ್ಥೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ.

ಹೆಜ್ಜೆ 8: ಆಪರೇಷನ್ನಿನ ಮೊದಲು, ಆಮೇಲೆ

ರಕ್ತ ಕಡಿಮೆ ಇದ್ದರೆ ಮೊದಲೇ ಏರಿಸಿಕೊಳ್ಳಿ, ಇದರಲ್ಲಿ ರಕ್ತ ಜಾಸ್ತಿ ಹೋಗುತ್ತದೆ. ಸಕ್ಕರೆ ಹತೋಟಿಗೆ ಬರಲಿ. ಹುಳುಕು ಹಲ್ಲಿದ್ದರೆ ತೋರಿಸಿ ಮುಗಿಸಿ. ಬೀಡಿ ಸಿಗರೇಟು ಬಿಡಿ, ಮೂಳೆ ಕೂಡಿಕೊಳ್ಳಲು ಅದು ಅಡ್ಡಿ. ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಯಾವತ್ತು ನಿಲ್ಲಿಸಬೇಕು ಅಂತ ಡಾಕ್ಟರೇ ಹೇಳಬೇಕು.

ಮನೆಯನ್ನೂ ತಯಾರು ಮಾಡಿ. ಎತ್ತರದ ಕಮೋಡ್, ಸ್ನಾನದ ಮನೆಯಲ್ಲಿ ಹಿಡಿಕೆ, ಮಂಡಿಗಿಂತ ಎತ್ತರದ ಕುರ್ಚಿ. ದೊಡ್ಡಮ್ಮನಿಗೆ ಇದರಲ್ಲಿ ಯಾವುದೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ದೇವರ ಮನೆ. ಮಣೆ ಹಾಕಿ ಕೂತು ಪೂಜೆ ಮಾಡಿದವರಿಗೆ ಕುರ್ಚಿ ಹಾಕಿಕೊಂಡು ದೇವರಿಗಿಂತ ಎತ್ತರ ಕೂರುವುದು ಸರಿ ಬರಲಿಲ್ಲ. ಕೊನೆಗೆ ದೇವರನ್ನೇ ಮೇಜಿನ ಮೇಲೆ ಏರಿಸಿದೆವು.

ಹಿಂದಿನಿಂದ ಕೊಯ್ದು ಮಾಡಿದ ಆಪರೇಷನ್ ಆದರೆ ಚಕ್ಕಳಮಕ್ಕಳ, ಕುಕ್ಕರಗಾಲು ಎರಡೂ ಇಲ್ಲ. ಕಾಲ ಮೇಲೆ ಕಾಲು ಹಾಕುವ ಹಾಗಿಲ್ಲ, ಬಿದ್ದದ್ದನ್ನು ಬಗ್ಗಿ ಎತ್ತುವ ಹಾಗಿಲ್ಲ. ಮಲಗುವಾಗ ಕಾಲುಗಳ ನಡುವೆ ದಿಂಬು. ಕಾಲೂರುವ ವಿಷಯದಲ್ಲಿ ಪಕ್ಕದ ಮನೆಯವರ ಮಾತು ಕೇಳಬೇಡಿ. ಮೊದಲ ಆಪರೇಷನ್ ಆದವರು ಮರುದಿನವೇ ಪೂರ್ತಿ ಭಾರ ಹಾಕಿ ನಡೆಯುತ್ತಾರೆ. ಆಗ್ಮೆಂಟ್, ಕೇಜ್, ಮೂಳೆ ತುಂಬಿಸಿದ್ದು ಅಂತಾದರೆ 6ರಿಂದ 12 ವಾರ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಸಿ ವಾಕರ್‌ನಲ್ಲಿ ನಡೆಯಲು ಹೇಳಬಹುದು. ಆ ವಾರಗಳಲ್ಲೇ ಮೂಳೆ ಲೋಹದೊಳಗೆ ಬೆಳೆಯುವುದು. ಆಗ ಕಪ್ ಅಲುಗಾಡಿದರೆ ಬೆಳೆಯುವುದು ಮೂಳೆಯ ಬದಲು ಬರೀ ನಾರು.

ಮೀನಖಂಡ ಊದಿಕೊಂಡು ನೋಯುವುದು, ಉಸಿರು ಕಟ್ಟುವುದು, ಗಾಯದಿಂದ ಐದಾರು ದಿನದ ಮೇಲೂ ನೀರು ಬರುವುದು, ತಟ್ಟನೆ ಕಾಲು ಗಿಡ್ಡವಾಗಿ ತಿರುಚಿಕೊಳ್ಳುವುದು, ಇವುಗಳಲ್ಲಿ ಯಾವುದಾದರೂ ಆದರೆ ಬೆಳಗಾಗುವವರೆಗೆ ಕಾಯಬೇಡಿ.

ಹೊಸ ಸ್ಟಿಕ್ಕರುಗಳ ಫೋಟೋ ತೆಗೆದು ಮನೆಯ ಇಬ್ಬರು ಮೂವರ ಫೋನಿನಲ್ಲಿ ಇಡಿ. ಎಕ್ಸ್-ರೇಗೆ ಆರು ವಾರಕ್ಕೆ, ಮೂರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಡಾಕ್ಟರ್ ಹೇಳಿದಂತೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಹೋಗಬೇಕು. "ನೋವೇ ಇಲ್ಲವಲ್ಲೋ, ಯಾಕೆ ಸುಮ್ನೆ?" ಅಂತ ದೊಡ್ಡಮ್ಮ ಪ್ರತಿ ಸಲ ಗೊಣಗುತ್ತಾರೆ. ನಾನು ಆಟೋ ಕರೆಯುತ್ತೇನೆ.